ಹದಿನಾಲ್ಕನೇ ಮಳಿಗೆಯ ನೀಲಿ ಕೋಣೆ

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ 9

ಏಳನೇ ಚಿತ್ರದ ವಿವರಣೆ ಬರೆದಾಯಿತು. ಇನ್ನು ಐದು. ಗುರುವಾರ ಕಲಾಮೇಳ ಶುರು. ಹಾಲ್‌ನಲ್ಲಿ ಅರ್ಧ ಗೋಡೆ ಇನ್ನೂ ಹಸಿ. ಪೇಂಟಿನ ವಾಸನೆ, ಡ್ರಿಲ್ಲಿನ ಸದ್ದು. ಚಿತ್ರಗಳು ಬಬಲ್ ಶೀಟ್ ಹೊದ್ದು ಗೋಡೆಗೊರಗಿ ನಿಂತಿವೆ, ಬೇಗ ಎಬ್ಬಿಸಿದ ಮಕ್ಕಳ ಹಾಗೆ. ಮೇಲಿನ ಗಾಜಿನಿಂದ ಬೆಳಕು ಇಳಿಯುತ್ತದೆ, ಧೂಳು ತೇಲುತ್ತದೆ. ವರ್ಷದಲ್ಲಿ ಈ ಎರಡು ದಿನ ನನಗೆ ತುಂಬಾ ಇಷ್ಟ. ನೋಡುವವರಿಲ್ಲದ ಚಿತ್ರಗಳ ನಡುವೆ ನೋಟ್‌ಬುಕ್ ಹಿಡಿದು ತಿರುಗುವುದು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ.

ಅಕ್ಕ ನಿನ್ನೆ ಮತ್ತೆ ಕೇಳಿದಳು. "ಅಲ್ಲಾ ಕಣೇ, ನೀನು ಅಲ್ಲಿ ಮಾಡೋ ಕೆಲಸಕ್ಕೆ ಏನಂತಾರೆ? ನಮ್ಮ ಡಾಕ್ಟರ್ ಕೇಳಿದ್ರು, ನಾನು ಬೆಬ್ಬೆಬ್ಬೆ ಅಂದೆ." ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಅಸಿಸ್ಟೆಂಟ್. ಹೇಳಿದೆ — ಕಣ್ಣು ಕಾಣದವರನ್ನು ಕರೆದುಕೊಂಡು ಹೋಗಿ, ಚಿತ್ರಗಳನ್ನು ಬಾಯಲ್ಲಿ ತೋರಿಸುವುದು. ಅದಕ್ಕೆ 'ಮಾತಿನ ನಡಿಗೆ' ಎಂದು ಹೆಸರು. ದಿನಕ್ಕೊಂದು. ಎಂಟು ಜನ, ಹನ್ನೆರಡು ಚಿತ್ರ. "ಓ, ಕಾಮೆಂಟ್ರಿ!" ಅಂದಳು. ಇರಲಿ.

ಉಳಿದ ಹನ್ನೊಂದು ತಿಂಗಳು ಔಷಧಿ ಡಬ್ಬಿಯೊಳಗಿನ ಚೀಟಿಗಳ ಪ್ರೂಫ್ ನೋಡುತ್ತೇನೆ. ಒಂದು ಸೊನ್ನೆ ಹೆಚ್ಚಾದರೂ ಜೀವ ಹೋಗುವಂಥ ಕೆಲಸ. ಒಂಬತ್ತು ವರ್ಷದಲ್ಲಿ ಒಂದೂ ತಪ್ಪು ಬಿಟ್ಟಿಲ್ಲ. ಆ ಜಂಬ ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ.

ಇಲ್ಲಿಯೂ ನನ್ನದೇ ಒಂದು ಪದ್ಧತಿ. ಚಿತ್ರ ಗೋಡೆಗೆ ಏರಿದ ದಿನ ಎದುರು ಕೂತು ಬರೆಯುವುದು. ಉರು ಹೊಡೆಯುವುದು. ನಡಿಗೆಯ ದಿನ ಚಿತ್ರಕ್ಕೆ ಬೆನ್ನು ಹಾಕಿ ನಿಂತು, ಕೇಳುವವರ ಮುಖ ನೋಡುತ್ತಾ ಹೇಳುವುದು. ಯಾರ ಹುಬ್ಬು ಗಂಟಿಕ್ಕಿತು, ಯಾರು ದಾರಿ ತಪ್ಪಿದರು — ಎಲ್ಲ ಮುಖದಲ್ಲೇ ಇರುತ್ತದೆ. ಉಳಿದ ಗೈಡುಗಳು ಗೋಡೆಗೆ ಹೇಳುತ್ತಾರೆ. ನಾನು ಜನರಿಗೆ ಹೇಳುತ್ತೇನೆ.

ಎಂಟನೇ ಚಿತ್ರಕ್ಕೆ ಹೋಗಬೇಕು. ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಫೆಬ್ರವರಿ 4, ಬುಧವಾರ. ಮಧ್ಯಾಹ್ನ 2

ಗೇಟಿನ ಮೇಲೆ ಬ್ಯಾನರ್ ಏರಿದೆ. ಅದರಲ್ಲಿ ನಾನು! ಎರಡಾಳೆತ್ತರ. ಕಳೆದ ವರ್ಷದ ನಡಿಗೆಯ ಫೋಟೋ. ಕೈ ಎತ್ತಿ ಏನೋ ಹೇಳುತ್ತಿದ್ದೇನೆ, ಎದುರಿಗೆ ಎಂಟು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಹಿಂದೆ ಚಿತ್ರ. ಕೆಳಗೆ 'ಎಲ್ಲರಿಗೂ ಕಲೆ' ಎಂದು. ರಸ್ತೆ ದಾಟಿ ಆ ಕಡೆ ನಿಂತು ನೋಡಿದೆ. ಆ ಕುರ್ತಾ ನನಗೆ ಒಪ್ಪುತ್ತದೆ ಎಂದು ಈಗ ಗೊತ್ತಾಯಿತು. ಅಕ್ಕನಿಗೆ ಕಳಿಸೋಣ ಎಂದು ಮೊಬೈಲ್ ಎತ್ತಿದೆ.

ಆಗ ಕಂಡಿತು.

ಹದಿನಾಲ್ಕನೇ ಮಳಿಗೆ. ಆ ಎಂಟು ಜನರಲ್ಲಿ ಒಬ್ಬರಾದ ಇಂಕಜ್ಜ ಮುಂದಿನ ಸಾಲಿನಲ್ಲಿ ನಿಂತಿದ್ದಾರೆ. ಅಂದರೆ ಅದು ಕೊನೆಯ ಭಾನುವಾರ. ಅವರು ಬಂದಿದ್ದು ಅದೊಂದೇ ದಿನ. ಅವತ್ತು ಅಲ್ಲಿ ನಾನು ಹೇಳಿದ್ದು ನೀಲಿ ಕೋಣೆಯ ಚಿತ್ರ. ತೆರೆದ ಕಿಟಕಿ, ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಒದ್ದೆ ಟವೆಲ್, ನೆಲದ ಮೇಲೆ ನೀರಿನ ಹಾಗೆ ಬೆಳಕು. ಈಗಲೂ ಬಾಯಿಪಾಠ.

ಫೋಟೋದಲ್ಲಿ ನನ್ನ ಹಿಂದೆ ಇರುವುದು ತುಕ್ಕು ಬಣ್ಣದ ಒಂದು ದೊಡ್ಡ ಚೌಕ. ಅಡ್ಡಲಾಗಿ ಒಂದು ಸಣ್ಣ ಗೆರೆ. ಕೋಣೆ ಇಲ್ಲ. ಕಿಟಕಿ ಇಲ್ಲ. ಯಾವ ನೀಲಿಯೂ ಇಲ್ಲ.

ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಒಬ್ಬರೂ ನಗಲಿಲ್ಲ. ಯಾರಿಗೆ ಗೊತ್ತು?

ಅದೇ ದಿನ, ಸಂಜೆ 5

ಇಂಕಜ್ಜನ ಬಗ್ಗೆ ಬರೆದಿಟ್ಟುಕೊಳ್ಳಬೇಕು. ಪ್ರಿಂಟಿಂಗ್ ಪ್ರೆಸ್‌ನಲ್ಲಿ ನಲವತ್ತು ವರ್ಷ ಬಣ್ಣ ಕಲಸಿದವರು, ಅದಕ್ಕೇ ಆ ಹೆಸರು. ಆರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯಿತು. ನೀಲಿ ಎಂದರೆ ಸಾಲದು ಅವರಿಗೆ, "ಯಾವ ನೀಲಿ?" ಎಂದು ಅವತ್ತು ಅಡ್ಡಬಂದಿದ್ದರು. ಬೆಳಿಗ್ಗೆ ಬಕೆಟ್‌ನ ತಳದಲ್ಲಿ ಕಾಣುವ ನೀಲಿ ಎಂದೆ. ಮುಖ ಹಾಗೇ ಅರಳಿತು. ಆ ಮುಖ ನೋಡುತ್ತಾ ಇನ್ನೂ ಎರಡು ನಿಮಿಷ ಹೇಳಿದೆ. ಹಿಂದೆ ತಿರುಗಬೇಕು ಅನ್ನಿಸಲೇ ಇಲ್ಲ.

ಇಂದು ಮೀಟಿಂಗ್. ನಮ್ಮ ಕಾರ್ಯಕ್ರಮದ ಮುಖ್ಯಸ್ಥೆ — ಎಲ್ಲರ ಬಾಯಲ್ಲಿ ಗಡಿಯಾರ ಮೇಡಂ, ಮಾತಿಗೊಮ್ಮೆ ವಾಚು ನೋಡುವುದರಿಂದ — ಕೊನೆಯ ಭಾನುವಾರದ ಕಾರ್ಯಕ್ರಮ ಹೇಳಿದರು. 'ನನ್ನ ಜೊತೆ ಮನೆಗೆ ಬಂದ ಚಿತ್ರ.' ಒಬ್ಬ ನೋಡುಗ ವೇದಿಕೆಗೆ ಬಂದು, ಹಿಂದಿನ ಮೇಳದಲ್ಲಿ ಕಂಡ ಒಂದು ಚಿತ್ರದ ಬಗ್ಗೆ ಹತ್ತು ನಿಮಿಷ ಮಾತಾಡುವುದು. ಪತ್ರ ಬರೆದವರಲ್ಲಿ ಆರಿಸಿದ್ದು ಇಂಕಜ್ಜನನ್ನು.

"ಹದಿನಾಲ್ಕನೇ ಮಳಿಗೆ ಚಿತ್ರ ಅಂತ ಬರ್ದಿದ್ದಾರೆ. ನಮ್ಮ ಬ್ಯಾನರ್ ಚಿತ್ರಾನೇ! ಎಂಥ ಯೋಗಾಯೋಗ ನೋಡಿ. ಚಿತ್ರಾನೇ ತರಿಸಿ ವೇದಿಕೆ ಮೇಲೆ ನಿಲ್ಲಿಸ್ತೀವಿ. ಕಲಾವಿದೆನೂ ಬರ್ತಾರೆ. ಇನ್ನೂರು ಸೀಟು."

ಪತ್ರ ಕೈಗೆ ಕೊಟ್ಟರು. ಅಜ್ಜ ಹೇಳಿ, ಅವರ ಮನೆಯಾಕೆ ಅಜ್ಜಿ ಬರೆದ ಪತ್ರ. ದುಂಡಗಿನ ಅಕ್ಷರ. 'ಆ ಚಿತ್ರ ಒಂದು ವರ್ಷದಿಂದ ನನ್ನ ಜೊತೆಗಿದೆ. ದಿನಾ ಅದರೊಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ.' ಕೋಣೆ ಎಂಬ ಮಾತಿಲ್ಲ. ನೀಲಿ ಎಂಬ ಮಾತೂ ಇಲ್ಲ.

ಇನ್ನೂರು ಜನರ ಮುಂದೆ ಆ ಮನುಷ್ಯ ತುಕ್ಕು ಬಣ್ಣದ ಚೌಕದ ಪಕ್ಕ ನಿಂತು ನೀಲಿ ಕೋಣೆಯ ಕಥೆ ಹೇಳುತ್ತಾರೆ. ಹನ್ನೊಂದು ದಿನ ಇದೆ. ಬಾಯಿ ಬಿಡಬೇಕಿತ್ತು ಅಲ್ಲೇ. ಪತ್ರ ಮಡಿಸಿ ವಾಪಸ್ ಕೊಟ್ಟೆ.

ಫೆಬ್ರವರಿ 6, ಶುಕ್ರವಾರ. ಟೀ ಹೊತ್ತು

ಹದಿನಾಲ್ಕನೇ ಮಳಿಗೆಯ ಗ್ಯಾಲರಿಯವರು ಈ ಸಲವೂ ಬಂದಿದ್ದಾರೆ. ಹೋಗಿ ಕೇಳಿದೆ, ಏನೋ ಸುಮ್ಮನೆ ಕೇಳುವವಳ ಹಾಗೆ. "ಆ ನೀಲಿದಾ? ಹೋದ ವರ್ಷ ಕೊನೇ ಶನಿವಾರ ಹೋಯ್ತಲ್ಲ ಮೇಡಂ. ತಗೊಂಡವರಿಗೆ ಭಾನುವಾರ ಬೆಳಿಗ್ಗೆ ವಿಮಾನ ಇತ್ತು, ಬಿಚ್ಚಿ ಕೊಟ್ಬಿಟ್ವಿ. ಅದೇ ಜಾಗಕ್ಕೆ ಆ ಕಲಾವಿದೆದೇ ಇನ್ನೊಂದು ಹಾಕಿದ್ವಿ."

ಒಂದೇ ರಾತ್ರಿಯಲ್ಲಿ ಬದಲು. ಅದೊಂದೇ ನಡಿಗೆ ತಪ್ಪಿದ್ದು. ಗೈಡುಗಳಿಗೆ ಹೇಳುವ ಪದ್ಧತಿ ಅವರಿಗಿಲ್ಲ. ತಿರುಗಿ ನೋಡುವ ಪದ್ಧತಿ ನನಗಿಲ್ಲ.

ಅವರ ಮೊಬೈಲ್‌ನಲ್ಲಿ ನೀಲಿ ಕೋಣೆಯ ಫೋಟೋ ತೋರಿಸಿದರು. ಇಷ್ಟೇ ಇತ್ತಾ ಅದು? ನನ್ನ ತಲೆಯಲ್ಲಿದ್ದದ್ದಕ್ಕಿಂತ ಚಿಕ್ಕದು. ಕಿಟಕಿ ಅರ್ಧ ಮಾತ್ರ ತೆರೆದಿದೆ. ದೊಡ್ಡದು ಮಾಡಿ ನೋಡಿದೆ… ಕುರ್ಚಿಯ ಮೇಲೆ ಟವೆಲ್ ಇಲ್ಲ. ಬಿಳಿ ಬಣ್ಣದ ಒಂದು ಎಳೆತ ಅಷ್ಟೇ. ಟವೆಲ್ ಎಂದವಳು ನಾನು. ಒದ್ದೆ ಎಂದವಳೂ ನಾನೇ.

ಫೆಬ್ರವರಿ 7, ಶನಿವಾರ. ಬೆಳಿಗ್ಗೆ 6

ಕನಸು. ಆ ಕೋಣೆಯೊಳಗಿದ್ದೆ. ಕಾಲ ಕೆಳಗಿನ ಬೆಳಕು ನಿಜವಾಗಿ ನೀರೇ, ಹಿಮ್ಮಡಿ ಮುಳುಗುವಷ್ಟು, ಬೆಚ್ಚಗೆ. ಕುರ್ಚಿ ನಿಧಾನ ತೇಲುತ್ತಾ ಕಿಟಕಿಯ ಕಡೆ ಹೋಯಿತು. ನಾನೂ ಹಿಂದೆ. ಹೆದರಿಕೆ ಏನೂ ಇಲ್ಲ, ಯಾರೋ ಹೆಸರು ಹಿಡಿದು ಕರೆಯುವವರೆಗೂ ಇರಬಹುದು ಅನ್ನುವಂಥ ನೆಮ್ಮದಿ. ಎಚ್ಚರವಾದಾಗ ಅಕ್ಕ ಬಕೆಟ್ ತುಂಬಿಸುತ್ತಿದ್ದಳು.

ಇಂಥ ಜಾಗಕ್ಕೆ ಒಬ್ಬರು ದಿನಾ ಹೋಗಿ ಬರುತ್ತಾರೆ. ಅದನ್ನು ಕಿತ್ತುಕೊಳ್ಳುವುದು ಹೇಗೆ?

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ

ಇಂಕಜ್ಜ ಇಂದಿನ ನಡಿಗೆಗೆ ಬಂದರು. ಜೊತೆಗೆ ಅಜ್ಜಿ. ಜೊತೆಗೆ ಬಂದವರು ಹೊರಗೆ ಕೂರಬೇಕೆಂಬುದು ನಿಯಮ, ಅಜ್ಜಿ ಕಳೆದ ವರ್ಷದ ಹಾಗೆ ಈ ಸಲವೂ ಏನೂ ಗೊತ್ತಿಲ್ಲದವರ ಹಾಗೆ ಹಿಂದಿನಿಂದ ನುಸುಳಿದರು. ನಾನು ನೋಡದವಳ ಹಾಗಿದ್ದೆ.

"ಬಂದೆ ಕಣಮ್ಮಾ," ಅಂದರು ಅಜ್ಜ, ನನ್ನ ಕೈ ಹುಡುಕಿ ಹಿಡಿದು. "ಆ ನೀಲಿ ಲೆಕ್ಕ ಹಾಕಿದೀನಿ. ಎಷ್ಟು ಸಯಾನು ಇಂಕು, ಎಷ್ಟು ಕರಿ ಅಂತ. ಮೆಜೆಂಟಾ ಒಂದು ಹನಿ ಬೇಕು, ಇಲ್ದಿದ್ರೆ ಆಸ್ಪತ್ರೆ ನೀಲಿ ಆಗಿಬಿಡುತ್ತೆ. ಬರೋ ಭಾನುವಾರ ಅದನ್ನೂ ಹೇಳ್ತೀನಿ."

"ಹೇಳಿ ಅಜ್ಜ," ಅಂದೆ.

"ಹೊಸಿಲ ಮೇಲೆ ಒದ್ದೆ ಕಾಲಿನ ಗುರುತು ಇದೆಯಲ್ಲ, ಅದು ಒಳಗೆ ಬಂದವರದ್ದೋ, ಹೊರಗೆ ಹೋದವರದ್ದೋ? ಅಷ್ಟು ಮಾತ್ರ ತಿಳೀತಾ ಇಲ್ಲ."

ನಾನು ಕಾಲಿನ ಗುರುತು ಹೇಳಿರಲೇ ಇಲ್ಲ. ಹೊಸಿಲೇ ಹೇಳಿರಲಿಲ್ಲ. ತಲೆ ಎತ್ತಿದೆ. ಅಜ್ಜಿ ಅವರ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ನೋಡಿ, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು.

ಇಂದು ಹನ್ನೆರಡೂ ಚಿತ್ರಕ್ಕೆ ಮುಖ ಮಾಡಿಯೇ ಹೇಳಿದೆ. ಹೇಳಿದ್ದು ಸರಿ ಇತ್ತು. ನಡಿಗೆ ಸಪ್ಪೆ. ಐದನೇ ಚಿತ್ರದ ಹೊತ್ತಿಗೆ ಇಬ್ಬರು ಆಕಳಿಸುವುದು ಕೇಳಿಸಿತು.

ಫೆಬ್ರವರಿ 11, ಬುಧವಾರ. ಮಧ್ಯಾಹ್ನ 3

ಮೂರು ದಿನ ಪೆನ್ನು ಮುಟ್ಟಲಿಲ್ಲ. ಬರೆದರೆ ತೀರ್ಮಾನ ಮಾಡಬೇಕಾಗುತ್ತದೆ ಎಂಬ ಭಯ. ನಡಿಗೆ, ಮನೆ, ಊಟ, ಮಲಗುವುದು.

ಇಂದು ಅಜ್ಜಿ ಒಬ್ಬರೇ ಬಂದರು. ಭಾನುವಾರದ ಪಾಸ್ ತೆಗೆದುಕೊಳ್ಳುವ ನೆಪ. ಕೆಫೆಯ ಮೂಲೆಯಲ್ಲಿ ಕೂತೆವು. ಟೀಗೆ ಎರಡು ಸಕ್ಕರೆ ಹಾಕಿ ಬಹಳ ಹೊತ್ತು ಕಲಕಿದರು.

"ನಂಗೆ ಅವತ್ತೇ ಗೊತ್ತಿತ್ತಮ್ಮಾ. ಕಣ್ಣಿತ್ತಲ್ಲ."

"ಅಲ್ಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಏನಂತ ಹೇಳ್ಲಿ? ಐದು ವರ್ಷ ಆಗಿತ್ತು, ಅವರು ನಂಜೊತೆ ನೆಟ್ಟಗೆ ನಾಲ್ಕು ಮಾತಾಡಿ. ಬಸ್ಸಲ್ಲಿ ಕೂತು ಹೊರಗಡೆ ಇಂಥದ್ದು ಕಾಣುತ್ತೆ ಅಂದ್ರೆ ಸಾಕು, ಬೇಡ ಬಿಡು ಅಂತಿದ್ರು. ನನಗೆ ಬಣ್ಣ ಹೇಳೋಕೆ ಬರಲ್ಲ ಅಂತ. ಅವತ್ತು ಮನೆ ತಲುಪೋವರೆಗೂ ಮಾತೋ ಮಾತು. ಆ ಕಿಟಕಿ ಯಾವ ಕಡೆ ತೆರೆಯುತ್ತೆ, ಹೊರಗೇನಿದೆ, ನೀನೂ ನೋಡ್ದೆ ಅಲ್ವಾ ಅಂತ. ನೋಡ್ದೆ ಅಂದೆ. ಹೊರಗೆ ಮರ ಇದೆ ಅಂದೆ. ಹಂಗೇ ಶುರು ಆಯ್ತು."

ಕಾಲಿನ ಗುರುತು ಅಜ್ಜಿಯದು. ಮರ, ಮರದಲ್ಲಿ ಒಣಗಿದ ಒಂದು ಕೊಂಬೆ, ಗೋಡೆಯ ಮೊಳೆ, ಎಲ್ಲ ಅವರದೇ. ಒಂದು ವರ್ಷ, ದಿನಾ ಸಂಜೆ, ಸ್ವಲ್ಪ ಸ್ವಲ್ಪ. ಯೂನಿಫಾರ್ಮ್ ಹೊಲಿಯುವುದು ಅಜ್ಜಿಯ ಕೆಲಸ. ಮಿಶಿನ್ ತುಳಿಯುತ್ತಾ ತುಳಿಯುತ್ತಾ ಕಟ್ಟಿದ ಕೋಣೆ.

"ಪತ್ರಾನೂ ನಾನೇ ಹುಷಾರಾಗಿ ಬರ್ದೆ. ಆರಿಸ್ತಾರೆ ಅಂತ ಯಾರಿಗೆ ಗೊತ್ತು? ನೀನು ಹೇಳ್ಬೇಡಮ್ಮಾ. ಹೇಳಿದ್ರೆ ಮತ್ತೆ ಬಾಯಿಗೆ ಬೀಗ ಹಾಕ್ಕೋತಾರೆ. ನನಗೆ ಆ ಮನೇಲಿ ಉಸಿರು ಕಟ್ಟುತ್ತೆ."

"ಹೇಳ್ದೆ ಇದ್ರೆ ಇನ್ನೂರು ಜನ ನಗ್ತಾರೆ ಅಜ್ಜಿ."

ಅಜ್ಜಿ ಟೀ ಕುಡಿಯಲೇ ಇಲ್ಲ. ಹೋಗುವಾಗ ಬಿಸ್ಕೆಟ್ ಮಾತ್ರ ಬ್ಯಾಗಿಗೆ ಹಾಕಿಕೊಂಡರು, ಅಜ್ಜನಿಗೆ.

ಫೆಬ್ರವರಿ 12, ಗುರುವಾರ

ಗಡಿಯಾರ ಮೇಡಂಗೆ ಹೇಳಿಬಿಟ್ಟೆ. ತಪ್ಪು ನನ್ನದು, ಚಿತ್ರ ಬೇರೆ, ಕಾರ್ಯಕ್ರಮ ನಿಲ್ಲಿಸಿ ಎಂದೆ. ಮುಂದಿನ ವರ್ಷ ನನ್ನನ್ನು ಕರೆಯದಿದ್ದರೂ ಪರವಾಗಿಲ್ಲ ಎಂದೂ ಸೇರಿಸಿದೆ. ವಾಚು ನೋಡಿದರು. ಪೂರ್ತಿ ಒಂದು ನಿಮಿಷ ಯೋಚಿಸಿದರು, ಅವರ ಮಟ್ಟಿಗೆ ಅದು ದೊಡ್ಡದು.

"ನಿಲ್ಸೋಕೆ ಆಗಲ್ಲ. ಮತ್ತೆ, ಇದು ಸಮಕಾಲೀನ ಕಲೆ ಕಣ್ರೀ. ತುಕ್ಕು ಬಣ್ಣ ನೋಡಿ ನೀಲಿ ಅಂದ್ರೆ ಜನ ಆಹಾ ಅಂತಾರೆ. ನಿರೂಪಕರಿಗೆ ಹೇಳ್ತೀನಿ, ಒಳಗಣ್ಣಿನ ಕಾಣ್ಕೆ ಅಂತ ಏನಾದ್ರೂ ಸೇರಿಸ್ಲಿ. ಆ ಅಜ್ಜನಿಗಂತೂ ಗೊತ್ತಾಗಲ್ಲ, ಕಾಣ್ಸಲ್ವಲ್ಲ."

ಕೋಪ ನೆತ್ತಿಗೇರಿತು. ಆಮೇಲೆ ಟಾಯ್ಲೆಟ್‌ನಲ್ಲಿ ಮುಖ ತೊಳೆಯುವಾಗ ಹೊಳೆಯಿತು. ಮೇಡಂ ಹೇಳಿದ್ದನ್ನೇ ನಾನು ಎಂಟು ದಿನದಿಂದ ಮಾಡುತ್ತಿದ್ದೇನೆ.

ನಾಡಿದ್ದು ನಡಿಗೆ ಮುಗಿದ ಕೂಡಲೇ ಅವರ ಮನೆಗೆ ಹೋಗಬೇಕು. ಅಜ್ಜಿ ಶಪಿಸಲಿ.

ಫೆಬ್ರವರಿ 14, ಶನಿವಾರ. ಸಂಜೆ 6, ಬಸ್ಸಿನಲ್ಲಿ

ಅಕ್ಷರ ಅಲುಗಾಡುತ್ತಿದೆ. ಆದರೂ ಈಗಲೇ ಬರೆಯಬೇಕು.

ಎರಡನೇ ಮಹಡಿ. ಒಂದೇ ದೊಡ್ಡ ಕೋಣೆ, ನಡುವೆ ಪರದೆ. ಕಿಟಕಿಯ ಕೆಳಗೆ ಮಿಶಿನ್, ಪಕ್ಕದಲ್ಲಿ ಮಡಿಸಿಟ್ಟ ಬೂದು ಷರ್ಟುಗಳು. ಅಜ್ಜನ ಕುರ್ಚಿಯ ಹತ್ತಿರ ಬೀಸಣಿಗೆಯ ಹಾಗೆ ಬಿಚ್ಚುವ ಬಣ್ಣದ ಪಟ್ಟಿಗಳ ಪುಸ್ತಕ. ಕಾಣದಿದ್ದರೂ ಬೆರಳಲ್ಲಿ ಎಣಿಸುತ್ತಾರೆ, ನೀಲಿ ಎಷ್ಟನೆಯದು ಎಂದು ಗೊತ್ತು. ನನ್ನ ದನಿ ಕೇಳಿ ಹಿಗ್ಗಿ ಹೋದರು. ಅಜ್ಜಿ ಮಿಶಿನ್ ತುಳಿಯುವುದು ನಿಲ್ಲಿಸಿದರು.

ಸುತ್ತಿ ಬಳಸಲಿಲ್ಲ. ಅಜ್ಜ, ಅವತ್ತು ಗೋಡೆಯ ಮೇಲೆ ನೀಲಿ ಕೋಣೆ ಇರಲಿಲ್ಲ ಎಂದೆ. ಹಿಂದಿನ ದಿನ ತೆಗೆದಿದ್ದರು. ಉರು ಹೊಡೆದದ್ದನ್ನು ಒಪ್ಪಿಸಿಬಿಟ್ಟೆ. ನಾಳೆ ವೇದಿಕೆಯ ಮೇಲೆ ಇರುವುದು ಬೇರೆ ಚಿತ್ರ.

ಪಟ್ಟಿಗಳ ಪುಸ್ತಕ ಮುಚ್ಚಿದರು. ಒಂದೊಂದೇ ಪಟ್ಟಿ ಒಳಗೆ ಸರಿಸಿ. ಎಷ್ಟು ಹೊತ್ತು!

"ನೀನು ಅಲ್ಲೇ ನಿಂತಿದ್ದೆ."

"ಹೌದು ಅಜ್ಜ."

"ನಿನಗೆ ಎರಡೂ ಕಣ್ಣಿದೆ."

"ಹೌದು."

"ತಿರುಗಿ ನೋಡೋಕೆ ಎಷ್ಟು ಹೊತ್ತು ಬೇಕಿತ್ತಮ್ಮಾ?"

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಕೇಳುತ್ತಿದ್ದರು. ಅಳು ಬಂತು, ಅತ್ತೆ. ನಾಚಿಕೆ ಆಗುವಷ್ಟು ಅತ್ತೆ. ನಿಮ್ಮ ಮುಖ ನೋಡುತ್ತಿದ್ದೆ ಅಜ್ಜ ಎಂದೆ. ಅದು ನೆಪವೋ ನಿಜವೋ ನನಗೇ ತಿಳಿಯದು.

ಆಮೇಲೆ ಅವರ ತಲೆ ಮಿಶಿನ್ನಿನ ಕಡೆ ತಿರುಗಿತು.

"ನೀನೂ ಇದ್ಯಲ್ಲ ಅವತ್ತು."

"ಇದ್ದೆ," ಅಂದರು ಅಜ್ಜಿ.

"ನೋಡ್ದೆ."

"ನೋಡ್ದೆ."

"ಮರ?"

ಅಜ್ಜಿ ಒಂದು ಷರ್ಟು ಎತ್ತಿ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

"ನೀನು ಹೊರಡಮ್ಮಾ," ಅಂದರು ಅಜ್ಜ ನನಗೆ. ಮೆಟ್ಟಿಲು ಇಳಿಯುವಾಗ ಕಿವಿ ಮೇಲಿತ್ತು. ಒಂದು ಮಾತೂ ಕೇಳಿಸಲಿಲ್ಲ, ಮಿಶಿನ್ನಿನ ಸದ್ದೂ ಇಲ್ಲ.

ಒಳ್ಳೆಯದು ಮಾಡಿದೆನೋ, ಮನೆ ಮುರಿದೆನೋ. ನಾಳೆ ಅವರು ಬರುವುದಿಲ್ಲ. ಬಸ್ಸಿನ ಕಿಟಕಿಯಾಚೆ ಸಂಜೆ ಪೂರ್ತಿ ಆ ನೀಲಿಯಲ್ಲೇ ಇದೆ, ಮೆಜೆಂಟಾ ಒಂದು ಹನಿ ಸೇರಿಸಿದ ನೀಲಿ. ನೋಡಬಾರದು ಎಂದು ಬರೆಯುತ್ತಿದ್ದೇನೆ.

ಫೆಬ್ರವರಿ 15, ಭಾನುವಾರ. 3.50, ಹಾಲ್‌ನಲ್ಲಿ

ಕೊನೆಯ ಸಾಲು, ಕಂಬದ ಪಕ್ಕ. ಹಾಲ್ ತುಂಬಿದೆ. ವೇದಿಕೆಯ ಮೇಲೆ ತುಕ್ಕು ಬಣ್ಣದ ಚಿತ್ರ ಮರದ ಸ್ಟ್ಯಾಂಡಿನಲ್ಲಿ ನಿಂತಿದೆ. ಎರಡು ಕುರ್ಚಿ ಖಾಲಿ. ಕಲಾವಿದೆ ಮುಂದಿನ ಸಾಲಿನಲ್ಲಿ, ಸಣ್ಣ ಮೈಕಟ್ಟಿನವರು, ಮಡಿಲಲ್ಲಿ ಚೀಲ. ಗಡಿಯಾರ ಮೇಡಂ ಬಾಗಿಲಿಗೂ ವೇದಿಕೆಗೂ ಓಡಾಡುತ್ತಿದ್ದಾರೆ.

ಇಂದು ಬೆಳಿಗ್ಗೆ ಈ ಚಿತ್ರದ ಮುಂದೆ ಕೂತು ಬರೆಯಲು ಹೋದೆ. 'ತುಕ್ಕು ಬಣ್ಣ. ಒಂದು ಗೆರೆ.' ಅಷ್ಟರ ಮೇಲೆ ಪೆನ್ನು ಮುಂದೆ ಹೋಗಲಿಲ್ಲ.

4.10

ಬಂದರು! ಇಬ್ಬರೂ. ಅಜ್ಜ ಇಸ್ತ್ರಿ ಮಾಡಿದ ಷರ್ಟು, ಅಜ್ಜಿಯ ತೋಳು ಹಿಡಿದು. ಅಜ್ಜಿ ಅತ್ತ ಹಾಗಿದೆ. ಅಥವಾ ನಿದ್ದೆ ಇಲ್ಲ.

ನಿರೂಪಕರು 'ಕಾಣ್ಕೆ' ಎಂದು ಏನೋ ಶುರು ಮಾಡಿದ್ದರು. ಅಜ್ಜ ಕೈ ಚಾಚಿ ಮೈಕ್ ಕೇಳಿದರು. ಅವರ ಮಾತು ಹಾಗೇ ಬರೆದುಕೊಳ್ಳುತ್ತೇನೆ:

"ನಾನು ಮಾತಾಡೋಕೆ ಬಂದಿಲ್ಲ. ಒಂದು ವರ್ಷ ನಾನು ಇವಳ ಹತ್ರ ಒಂದು ಚಿತ್ರ ಕೇಳ್ತಾ ಇದ್ದೆ. ಆ ಚಿತ್ರ ಇಲ್ಲಿರಲಿಲ್ಲವಂತೆ. ಹೇಳಿದ ಹುಡುಗಿ ನೋಡಿರಲಿಲ್ಲ, ನಾನಂತೂ ನೋಡೋ ಹಂಗಿಲ್ಲ. ಅವತ್ತು ಇಲ್ಲಿದ್ದ ಚಿತ್ರ ನೋಡಿದವಳು ಇವಳೊಬ್ಬಳೇ. ನಾನು ಕೇಳಿದ್ದಕ್ಕೆಲ್ಲ ಕಟ್ಟಿ ಕಟ್ಟಿ ಹೇಳಿದ್ಲು, ಪಾಪ. ನೀನೇನು ನೋಡ್ದೆ ಅಂತ ಮಾತ್ರ ನಾನು ಒಂದು ದಿನಾನೂ ಕೇಳ್ಲಿಲ್ಲ." ನಿಲ್ಲಿಸಿದರು. ಮೈಕ್ ಅಜ್ಜಿಯ ಕಡೆ ಚಾಚಿದರು, ಸ್ವಲ್ಪ ತಪ್ಪು ದಿಕ್ಕಿಗೆ. "ಕೇಳ್ತಾ ಇದ್ದೀನಿ. ಏನು ನೋಡ್ದೆ?"

ಮೇಡಂ ವಾಚು ನೋಡಲಿಲ್ಲ.

ಅಜ್ಜಿ ಎದ್ದರು. ಮೈಕ್ ತುಂಬಾ ದೂರ ಹಿಡಿದಿದ್ದಾರೆ, ಕಿವಿ ಕೊಟ್ಟು ಕೇಳಬೇಕು.

"ಇದು ಬಣ್ಣ ಅಲ್ಲ. ಬಟ್ಟೆ. ದಪ್ಪ ಬಟ್ಟೆ, ಬಹಳ ಸಲ ಒಗೆದದ್ದು. ಇದು ಗೆರೆ ಅಲ್ಲ, ಹೊಲಿಗೆ. ಕೈಹೊಲಿಗೆ." ಹತ್ತಿರ ಹೋದರು. "ನಂಗೆ ಅವತ್ತೇ ಅನ್ನಿಸ್ತು. ಇದನ್ನ ಹಿಂದುಗಡೆಯಿಂದ ಹಾಕಿದ್ದಾರೆ. ಹಾಕ್ದೋರಿಗೆ ಈ ಕಡೆ ಹೆಂಗೆ ಬರ್ತಿದೆ ಅಂತ ಕಾಣ್ತಾ ಇರಲಿಲ್ಲ. ಆದ್ರೂ ಇಷ್ಟು ದೂರ ಬಂದಿದ್ದಾರೆ."

ಮುಂದಿನ ಸಾಲಿನಲ್ಲಿ ಕಲಾವಿದೆ ಎದ್ದು ನಿಂತರು. ಚೀಲ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ಮುಂದೆ ಹೇಳು," ಅಂದರು ಅಜ್ಜ.

ಅಜ್ಜಿ ಬೆರಳು ಬಟ್ಟೆಗೆ ಮುಟ್ಟದ ಹಾಗೆ ಹೊಲಿಗೆಯ ಉದ್ದಕ್ಕೂ ನಡೆಯುತ್ತಿದೆ. ಇಲ್ಲಿ ಬಿಗಿ, ಇಲ್ಲಿ ಸಡಿಲ, ಇಲ್ಲಿ ಕೈ ನೋವು ಬಂದಿರಬೇಕು ಅನ್ನುತ್ತಿದ್ದಾರೆ. ಅಜ್ಜ ಕಣ್ಣು ಮುಚ್ಚಿದ್ದಾರೆ. ದಾರ ನಿಲ್ಲುವಲ್ಲಿ ಏನೋ ಇದೆಯಂತೆ, ಸಣ್ಣದು, ಹತ್ತಿರ ಬಂದರೆ ಮಾತ್ರ ಕಾಣುವಂಥದ್ದು. ಇಲ್ಲಿಂದ ನನಗೆ ಕಾಣುತ್ತಿಲ್ಲ. ಎದ್ದು ಮುಂದೆ ಹೋಗಿ ನೋಡುತ್ತೇನೆ, ನೋಟ್‌ಬುಕ್ ಇಲ್ಲೇ ಇರಲಿ.